ನಟ್ಟಿನ ಮೇಲಿನ ಸುಣ್ಣದ ಗೆರೆ

"ಮೇಡಂ, ಸೀರಿಗಿ ಮಸಿ ಹತ್ತತದ ನೋಡ್ರಿ," ಎಂದು ಪೇದೆ ಎಚ್ಚರಿಸುವ ಹೊತ್ತಿಗೆ ಕರುಣಾ ಠಾಣೆಯ ಅಂಗಳದಲ್ಲಿದ್ದ ಹಳದಿ ಕಾರಿನ ಮುಂದಿನ ಗಾಲಿಯ ಬಳಿ ಮಂಡಿಯೂರಿ ಕುಳಿತಾಗಿತ್ತು.

ಸೀರೆಗೆ ಮಸಿ ಹತ್ತುವುದು ಅವಳಿಗೆ ಹೊಸದಲ್ಲ. ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವಿಮಾ ಕಂಪನಿಗೆ ವರದಿ ಬರೆದುಕೊಡುವುದೇ ಅವಳ ಉದ್ಯೋಗ. ಪೇದೆ ಮತ್ತೇನೂ ಮಾತಾಡದೆ ಒಳಗೆ ಹೋಗಿ ಒಂದು ಹಳೆಯ ಗೋಣಿಚೀಲ ತಂದು ಅವಳ ಮಂಡಿಯ ಕೆಳಗೆ ಹಾಸಿದ. ಅವನಿಗೆ ಹಾಗೆ ಮಾಡಲು ಯಾರೂ ಹೇಳಿರಲಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಔರಾದದಿಂದ ಬೀದರಕ್ಕೆ ಬರುತ್ತಿದ್ದ ಈ ಕಾರು ಮಾಂಜ್ರಾ ಸೇತುವೆಗೆ ಇಳಿಯುವ ರಸ್ತೆಯಲ್ಲಿ ಬ್ರೇಕ್ ಹಿಡಿಯದೆ ಜಾಲಿಯ ಮರಕ್ಕೆ ಗುದ್ದಿತ್ತು. ಓಡಿಸುತ್ತಿದ್ದ ಸುಶೀಲಕುಮಾರ ದವಾಖಾನೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಿಂದಿನ ವಾರ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಕೊಟ್ಟಿದ್ದ ನೌಬಾದದ ಮೆಕ್ಯಾನಿಕ್ ರಿಜ್ವಾನ ಇವತ್ತು ನಸುಕಿನಿಂದ ಲಾಕಪ್ಪಿನಲ್ಲಿದ್ದ.

ಗಾಲಿಯ ಕಡ್ಡಿಗಳ ಸಂದಿಯಿಂದ ಕರುಣಾ ಪ್ಯಾಡಿನ ಮೇಲೆ ಟಾರ್ಚು ಬಿಟ್ಟಳು. ಕಡುಗಪ್ಪು. ಅಲ್ಲಲ್ಲಿ ಲೋಹದ ಚುಕ್ಕೆಗಳು ಮಿಂಚುತ್ತಿದ್ದವು.

"ರೇಸಿನ ಪ್ಯಾಡ್," ಎಂದಳು ತನ್ನಷ್ಟಕ್ಕೆ.

"ಆಯ್ತಲ್ರಿ ಮತ್ತ!" ಹಿಂದೆ ನಿಂತಿದ್ದ ಪಿಎಸ್‌ಐ ಕೈ ಕೊಡವಿದ. "ರೋಡಿನ ಮ್ಯಾಲ ಓಡೋ ಗಾಡಿಗಿ ರೇಸಿನ ಪ್ಯಾಡ್ ಹಾಕ್ಯಾನ. ತಪ್ಪು ಅವಂದೇ. ನಾಳಿ ಮುಂಜಾನಿ ಕೋರ್ಟಿಗಿ ಹಾಜರ ಮಾಡತೇವ್ರಿ. ಅದಕ್ಕಿಂತ ಮೊದಲ ನಿಮ್ಮ ರಿಪೋರ್ಟ್ ನನ್ನ ಕೈಗಿ ಬರಬೇಕು."

"ಇದನ್ನ ಅವನೇ ಹಾಕ್ಯಾನಂತ ಯಾರು ಹೇಳಿದ್ರಿ?"

"ಮತ್ತ್ಯಾರು ಹಾಕತಾರ್ರಿ? ದೆವ್ವ ಬಂದು ಹಾಕಿ ಹೋಗತದೇನು?"

ಒಳಗಿನ ಕಂಬಿಗಳ ಹಿಂದಿನಿಂದ ಒಂದು ದನಿ ಕೇಳಿತು. "ಮೇಡಂ, ನಾ ನೀಲಿ ಡಬ್ಬಿಂದು ಹಾಕೀನ್ರಿ. ಅಲ್ಲಾ ಕಸಂ, ನೀಲಿ ಡಬ್ಬಿಂದು!"

"ಸುಮ್ನ ಕೂಡಲೇ," ಎಂದು ಪಿಎಸ್‌ಐ ಗದರಿದ.

ಕರುಣಾ ಮತ್ತೆ ಗಾಲಿಯ ಕಡೆ ಬಗ್ಗಿದಳು. ಗಾಲಿಯನ್ನು ಬಿಗಿದಿದ್ದ ಒಂದೊಂದು ನಟ್ಟಿನ ಮೇಲೂ ಬಿಳಿಯದೊಂದು ಸಣ್ಣ ಗೆರೆ. ಹಕ್ಕಿ ಹಿಕ್ಕೆಯಲ್ಲ, ಬಣ್ಣವೂ ಅಲ್ಲ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಹಿಂದಿನ ಗಾಲಿಗಳಲ್ಲಿಯೂ ಅದೇ ಗೆರೆ ಇತ್ತು. ಆದರೆ ಅಲ್ಲಿ ಅದು ನಟ್ಟಿನಿಂದ ಹೊರಟು ಗಾಲಿಯ ಮೇಲಿನವರೆಗೆ ನೇರವಾಗಿ ಹರಿದಿತ್ತು. ಮುಂದಿನ ಗಾಲಿಗಳಲ್ಲಿ ನಟ್ಟಿನ ತುಂಡು ಒಂದು ದಿಕ್ಕಿಗಿದ್ದರೆ ಗಾಲಿಯ ತುಂಡು ಇನ್ನೊಂದು ದಿಕ್ಕಿಗಿತ್ತು. ಮುರಿದ ಕಡ್ಡಿಯ ಹಾಗೆ.

ಅದೇನೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದ್ದನ್ನು ಬಿಟ್ಟುಹೋಗುವ ಅಭ್ಯಾಸವೂ ಅವಳಿಗಿರಲಿಲ್ಲ. ಎಲ್ಲ ಗಾಲಿಗಳ ಫೋಟೋ ತೆಗೆದಳು.

ಕಾರಿನ ಡಿಕ್ಕಿಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಇನ್ನೊಂದು ವಸ್ತು ಸಿಕ್ಕಿತು. ಅದೂ ಬ್ರೇಕ್ ಪ್ಯಾಡೇ. ಆದರೆ ಈ ಕಾರಿನದಲ್ಲ, ಯಾವುದೋ ಟೆಂಪೋದ್ದು. ಮೇಲಿನ ಪದರವೆಲ್ಲ ಹಪ್ಪಳದಂತೆ ಕಿತ್ತು ಬಂದಿತ್ತು. ಹೆಚ್ಚು ಓಡಿದ ಗುರುತೂ ಇರಲಿಲ್ಲ.

ಇಂಥದ್ದನ್ನು ಟವೆಲ್ಲಿನಲ್ಲಿ ಜೋಪಾನವಾಗಿ ಸುತ್ತಿಕೊಂಡು ಸುಶೀಲಕುಮಾರ ಬೀದರದಲ್ಲಿ ಯಾರಿಗೆ ತೋರಿಸಲು ಹೊರಟಿದ್ದ?

*

ನೌಬಾದದ ಗ್ಯಾರೇಜಿನ ಶಟರ್ ಅರ್ಧಕ್ಕೆ ಇಳಿದಿತ್ತು. ರಿಜ್ವಾನನ ತಂದೆ ಕುತುಬೋದ್ದೀನ ಹೊರಗೆ ಹಳೆಯ ಟೈರೊಂದರ ಮೇಲೆ ಕುಳಿತಿದ್ದರು. ಕರುಣಾಳನ್ನು ಕಂಡವರೇ ಎದ್ದು ತಮ್ಮ ಹೆಗಲ ಮೇಲಿನ ರುಮಾಲಿನಿಂದ ಸ್ಟೂಲು ಒರೆಸಿ ಮುಂದಿಟ್ಟರು. ಮಗ ಲಾಕಪ್ಪಿನಲ್ಲಿರುವಾಗಲೂ ಬಾಗಿಲಿಗೆ ಬಂದವರಿಗೆ ಚಹಾ ಹೇಳುವುದನ್ನು ಅವರು ಮರೆಯಲಿಲ್ಲ.

"ಚಾಚಾ, ಸುಶೀಲಕುಮಾರ ಯಾವ ಪ್ಯಾಡ್ ಹಾಕಂತ ಕೇಳಿದ್ರು? ಮುಚ್ಚದೆ ಹೇಳ್ರಿ."

"ಮುಚ್ಚೋದೇನದ ಬೇಟಿ? ರೇಸಿಂದೇ ಕೇಳಿದ. ಕರಿ ಡಬ್ಬಿಂದು. ಭಾಲ್ಕಿಯೊಳಗ ಅವನ ಕಾಕಾನ ಮಗ ಕೈಲಾಶಂದು ಪಾರ್ಟ್ಸ್ ದುಕಾನ ಅದಲ್ಲ, ಅಲ್ಲಿ ಮುದ್ದಾಂ ತರಿಸಿದ್ದ. ನಾ ಅಂದೆ, ಏ ಶೇಠ್, ನೀ ಗಾಡಿ ಓಡಸೋದು ರೇಸಿನ್ಯಾಗೋ, ಔರಾದ ರೋಡಿನ್ಯಾಗೋ?"

"ಏನಂದ್ರು?"

"ಇಂಜನ್ ಜಬರ್ದಸ್ತ್ ಅದ ಚಾಚಾ, ಬ್ರೇಕ್ ಭಿ ಜಬರ್ದಸ್ತ್ ಬೇಕು ಅಂದ. ಹುಡುಗರ ತಲಿ! ಕರಿ ಡಬ್ಬಿಂದು ಕಾದ ಮ್ಯಾಲ ಹುಲಿ ಹಿಡದಂಗ ಹಿಡೀತದ. ಕಾಯೋತನಕ?"

"ಕಾಯೋತನಕ ಜಾರುಬಂಡಿ," ಎಂದಳು ಕರುಣಾ.

"ಹಾಂ! ಮುಂಜಾನಿ ಥಂಡ್ಯಾಗ ಎಮ್ಮಿ ಅಡ್ಡ ಬಂದ್ರ, ನಿಂದರು ತಾಯಿ, ನನ್ನ ಪ್ಯಾಡ್ ಇನ್ನಾ ಕಾದಿಲ್ಲ ಅನ್ಲಿಕ್ಕ ಆಗತದೇನು?"

ಇಷ್ಟು ದುಃಖದಲ್ಲೂ ಅವಳಿಗೆ ನಗು ಬಂತು. ಮುದುಕರೂ ನಕ್ಕರು. ನಕ್ಕಿದ್ದಕ್ಕೆ ನಾಚಿದವರಂತೆ ಕೂಡಲೇ ಮುಖ ತಿರುಗಿಸಿದರು.

ನೀಲಿ ಡಬ್ಬಿಯ ಪ್ಯಾಡು ಬೇರೆ ಜಾತಿಯದು. ಜೋರು ಓಡುವ ಕಾರಿಗೆ ತಕ್ಕದ್ದೇ, ಆದರೆ ಊರ ರಸ್ತೆಗೆಂದು ಮಾಡಿದ್ದು. ತಣ್ಣಗಿದ್ದಾಗಲೂ ಮೊದಲ ಒತ್ತಿಗೇ ಹಿಡಿಯುತ್ತದೆ, ಕಿರುಚುವುದಿಲ್ಲ, ಡಿಸ್ಕನ್ನು ತಿನ್ನುವುದಿಲ್ಲ. ಘಟ್ಟ ಇಳಿಯುತ್ತ ಮೇಲಿಂದ ಮೇಲೆ ಒತ್ತಿದರೆ ಸ್ವಲ್ಪ ಸೋಲಬಹುದು. ಬೀದರದಿಂದ ಔರಾದಕ್ಕೆ ಹೋಗುವವನಿಗೆ ಘಟ್ಟ ಎಲ್ಲಿಯದು? ಇದನ್ನು ಅವರು ಹೇಳುವುದೂ ಅವಳು ತಲೆಯಾಡಿಸುವುದೂ ಒಟ್ಟಿಗೇ ನಡೆಯಿತು.

"ಅವನ ಹೆಂಡತಿ ಪ್ರಣಾಲಿ ಭಿ ಕೂಡ ಬಂದಿದ್ಳು. ಚಾಚಾ ಹೇಳಿದ್ದೇ ಹಾಕಸ್ರಿ ಅಂದ್ಳು. ಮಾರಿ ಉಬ್ಬಿಸಿಕೊಂಡು ಒಪ್ಪಿದ. ಕರಿ ಡಬ್ಬಿ ದುಕಾನಿಗಿ ವಾಪಸ್ ಹೋಯ್ತು. ರಿಜ್ವಾನ ಹಾಕಿದ್ದು ನೀಲಿಂದು. ಹಾಕಿ ಕಮಠಾಣದ ರೋಡಿಗಿ ಒಯ್ದು, ಜೋರು ಹೋಗೂದು, ಮೆಲ್ಲಕ ಹಿಡಿಯೂದು, ಮತ್ತ ತಣ್ಣಗ ಮಾಡೂದು, ಹಿಂಗ ಪ್ಯಾಡು ಡಿಸ್ಕಿಗಿ ಕೂಡೋತನಕ ತಿರಗಿಸಿ ತಂದ. ನಾನೇ ಬಾಜೂಕ ಕೂತಿದ್ದೆ."

ಚಹಾ ಬಂತು. ಕಪ್ಪು ಕೆಳಗಿಡುತ್ತ ಕುತುಬೋದ್ದೀನ ಕರುಣಾಳ ಬಿಳಿ ಕಾರಿನ ಕಡೆ ನೋಡಿ ಹುಬ್ಬು ಗಂಟಿಕ್ಕಿದರು.

"ಆ ಮುಂದಿನ ಗಾಲಿ ಯಾರು ಬಿಚ್ಚಿದ್ರು?"

"ಮುಂಜಾನಿ ಪಂಕ್ಚರ್ ಆಗಿತ್ರಿ. ರೋಡಿನ ಬಾಜೂಕ ಒಬ್ಬರು ಹಾಕಿಕೊಟ್ರು."

"ಹಾಕಿಕೊಟ್ಟಾರೋ ಇಟ್ಟುಕೊಟ್ಟಾರೋ?" ಮುದುಕರು ಪಾನಾ ತಂದು ನಟ್ಟಿಗೆ ಹಚ್ಚಿದರು. ಒಂದೊಂದೂ ಕಾಲು ಸುತ್ತು ತಿರುಗಿತು. ತೃಪ್ತಿಯಾಗುವವರೆಗೆ ಬಿಗಿದರು. ಆಮೇಲೆ ಜೇಬಿನಿಂದ ಎಲೆಯಡಿಕೆಯ ಡಬ್ಬಿ ತೆಗೆದು ಬೆಂಕಿಕಡ್ಡಿಯ ತುದಿಯನ್ನು ಸುಣ್ಣದಲ್ಲಿ ಅದ್ದಿ, ನಟ್ಟಿನ ನಡುವಿನಿಂದ ಗಾಲಿಯವರೆಗೆ ನೇರವಾಗಿ ಒಂದು ಗೆರೆ ಎಳೆದರು. ಹಾಗೆಯೇ ಇನ್ನೊಂದು ನಟ್ಟಿಗೆ. ಮತ್ತೊಂದಕ್ಕೆ.

ಕರುಣಾಳ ಕೈಯ ಕಪ್ಪು ಅಲ್ಲೇ ನಿಂತಿತು.

"ಇದೇನು ಚಾಚಾ?"

"ನಮ್ಮ ಅಬ್ಬಾನ ಕಾಲದ್ದು ಬೇಟಿ. ಅವರಿಗಿ ಒಂದ್ ಕೈಯಾಗ ಪಾನಾ, ಇನ್ನೊಂದ್ ಕೈಯಾಗ ಪಾನ್. ಗೆರಿ ಸೀದಾ ಇದ್ರ ನಟ್ ಹಂದ್ಯಾಡಿಲ್ಲ ಅಂತ ತಿಳಿ. ಗೆರಿ ಮುರದ್ರ ನಟ್ ತಿರಗ್ಯಾದ ಅಂತ ತಿಳಿ. ನನ್ನ ಗ್ಯಾರೇಜಿನ್ಯಾಗ ಗೆರಿ ಇಲ್ಲದ ಗಾಡಿ ಹೊರಗ ಹೋಗಂಗಿಲ್ಲ."

ಅವಳು ಫೋನು ತೆಗೆದು ಠಾಣೆಯ ಫೋಟೋಗಳನ್ನು ಅವರ ಮುಂದೆ ಹಿಡಿದಳು. ಹಿಂದಿನ ಗಾಲಿ: ಸೀದಾ. ಮುಂದಿನ ಗಾಲಿ: ಮುರಿದದ್ದು. ಎಲ್ಲವೂ ಮುರಿದದ್ದು.

ಕುತುಬೋದ್ದೀನ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಸುಣ್ಣದ ಬೆರಳು ತಾನಾಗಿ ಗಡ್ಡಕ್ಕೆ ಹೋಗಿ ಅಲ್ಲೊಂದು ಬಿಳಿ ಮಚ್ಚೆ ಮೂಡಿತು.

"ಯಾರೋ ಬಿಚ್ಚ್ಯಾರ ಬೇಟಿ. ನನ್ನ ಕೈ ಬಿಟ್ಟ ಮ್ಯಾಲ ಯಾರೋ ಮುಂದಿಂದ ಎರಡೂ ಗಾಲಿ ಬಿಚ್ಚಿ ಹಾಕ್ಯಾರ."

ಬ್ರೇಕಿನ ಪೈಪು ಕೊಯ್ದಿದ್ದರೆ ಎಣ್ಣೆ ಸೋರುತ್ತಿತ್ತು, ಯಾರಾದರೂ ನೋಡುತ್ತಿದ್ದರು. ಹೊಸ ಪ್ಯಾಡು ತೆಗೆದು ಇನ್ನೊಂದು ಹೊಸ ಪ್ಯಾಡು ಹಾಕಿದರೆ ಯಾರಿಗೆ ಅನುಮಾನ? ಕಾರಿನಲ್ಲಿ ದೋಷವಿಲ್ಲ, ಮೆಕ್ಯಾನಿಕನ ಆಯ್ಕೆ ತಪ್ಪು, ಅಷ್ಟೇ. ಇದನ್ನು ಮಾಡಿದವರು ಪ್ಯಾಡುಗಳ ಗುಣ ಬಲ್ಲವರು. ಕರಿ ಡಬ್ಬಿ ಎಲ್ಲಿದೆಯೆಂದೂ ಬಲ್ಲವರು.

ಕರುಣಾ ಅಲ್ಲಿಂದಲೇ ಪಿಎಸ್‌ಐಗೆ ಫೋನು ಮಾಡಿದಳು.

"ಸುಣ್ಣಾನ್ರಿ?" ಆ ಕಡೆಯಿಂದ ನಗೆ ಕೇಳಿತು. "ಆರೋಪಿ ಅಪ್ಪ ಹಚ್ಚಿದ ಸುಣ್ಣಾ ಕೋರ್ಟಿನ್ಯಾಗ ನಡೀತದೇನ್ರಿ ಮೇಡಂ? ಬಿಚ್ಚ್ಯಾರಂದ್ರ, ಬಿಚ್ಚಿದ ನೀಲಿ ಡಬ್ಬಿ ಪ್ಯಾಡ್ ಎಲ್ಲಿ ಅವ? ಅವನ್ನ ತಂದು ನನ್ನ ಟೇಬಲ್ ಮ್ಯಾಲ ಇಡ್ರಿ. ಹುಡುಗನ್ನ ಬಿಡತೇನಿ."

ಕಾರು ಹತ್ತುವಾಗ ಮುದುಕರು ಗಾಜಿನ ಬಳಿ ಬಗ್ಗಿದರು. ಮಗನನ್ನು ಬಿಡಿಸು ಎಂದು ಅವರು ಕೇಳಲಿಲ್ಲ.

"ಗೆರಿ ನೋಡಕೋತ ಹೋಗು ಬೇಟಿ," ಎಂದರು. "ಎಲ್ಲೇ ನಿಂದರಿಸು, ಹತ್ತೋಕಿಂತ ಮೊದಲ ಒಂದ್ಸಲ ನೋಡು."

*

ಹಲಬರ್ಗಾ ದಾಟಿ ಭಾಲ್ಕಿ ಮುಟ್ಟಿದಾಗ ಬಿಸಿಲು ಏರಿತ್ತು. ಕೈಲಾಶನ ಅಂಗಡಿಯಲ್ಲಿ ಪಂಢರಿ ಎಂಬ ನಡುವಯಸ್ಸಿನ ಕೆಲಸದವನೊಬ್ಬನೇ ಇದ್ದ. ಸುಶೀಲಕುಮಾರನ ಹೆಸರು ಎತ್ತಿದ್ದೇ ತಡ, "ಅಣ್ಣಗ ಎಚ್ಚರ ಆಯ್ತೇನ್ರಿ?" ಎಂದು ಮುಖ ಅರಳಿಸಿದ. ಇಲ್ಲವೆಂದಾಗ ಅರಳಿದ ಮುಖ ಹಾಗೇ ಬಾಡಿತು.

"ರೇಸಿನ ಪ್ಯಾಡಿಂದು ಕರಿ ಡಬ್ಬಿ ವಾಪಸ್ ಬಂದಿತ್ತಲ್ಲ, ಅದು ಎಲ್ಲದ ಪಂಢರಿ ಅಣ್ಣಾ?"

ಅವನು ಮೇಲಿನ ಕಪಾಟಿನ ಖಾಲಿ ಜಾಗ ತೋರಿಸಿದ. "ಅಲ್ಲೇ ಇತ್ರಿ. ಆಯಿತವಾರ ಕೈಲಾಶ ಶೇಠ ಔರಾದದ ಮನಿಗಿ ಒಯ್ದರು."

ಆಯಿತವಾರ. ಅಪಘಾತದ ಹಿಂದಿನ ದಿನ.

"ಯಾಕ ಒಯ್ದರು?"

"ಶೇಠಂದು ದುಕಾನ, ಶೇಠಂದು ಡಬ್ಬಿ. ನಾ ಹ್ಯಾಂಗ ಕೇಳ್ಲಿರಿ?"

ಕರುಣಾ ಡಿಕ್ಕಿಯಲ್ಲಿ ಸಿಕ್ಕ ಟೆಂಪೋ ಪ್ಯಾಡಿನ ಫೋಟೋ ತೋರಿಸಿದಳು. ಪದರ ಕಿತ್ತ ಪ್ಯಾಡು.

ಪಂಢರಿ ಅದನ್ನು ನೋಡಿದ. ರಸ್ತೆಯ ಆಚೆ ಈಚೆ ನೋಡಿದ. ಆಮೇಲೆ ಶಟರಿನ ಕೊಕ್ಕೆಗೆ ಕೈ ಹಾಕಿದ.

"ಊಟಕ್ಕ ಹೋಗೋ ಟೈಮಾಯ್ತ್ರಿ ಬಾಯಿ. ನೀವು ಭಿ ಉಂಡು ಹೋಗ್ರಿ. ಔರಾದಕ ಹೋಗತಿದ್ರ..." ಶಟರು ಅರ್ಧ ಇಳಿದ ಮೇಲೆ ಒಳಗಿನಿಂದ ಅವನ ದನಿಯಷ್ಟೇ ಬಂತು. "ಬೆಳಕಿದ್ದಾಗೇ ತಿರಗಿ ಬರ್ರಿ."

*

ಔರಾದದ ಮನೆಯ ಮುಂದೆ ಕಾರು ನಿಲ್ಲಿಸುವಾಗ ಪ್ರಣಾಲಿ ಒದ್ದೆ ಕೂದಲಿನಲ್ಲೇ ಹೊರಗೆ ಬಂದಳು. ರಾತ್ರಿಯೆಲ್ಲ ಬೀದರದ ದವಾಖಾನೆಯಲ್ಲಿ ಗಂಡನ ಬಳಿ ಕುಳಿತು, ಸ್ನಾನಕ್ಕೆಂದು ಮನೆಗೆ ಬಂದವಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಗಾಡಿ ಬಿಸಲಾಗ ನಿಂತದ ಅಕ್ಕಾ. ಕೀಲಿ ಕೊಡ್ರಿ, ಹಿತ್ತಲದಾಗ ಬೇವಿನ ಗಿಡದ ನೆರಳಿಗಿ ಹಚ್ಚಿ ಬರ್ತೇನಿ. ನೀವು ಒಳಗ ಬರ್ರಿ, ಕಾಲು ತೊಳಕೊಳ್ರಿ."

ಇಂಥ ಸಂಕಟದಲ್ಲೂ ಬೇರೆಯವರ ಕಾರಿಗೆ ಬಿಸಿಲು ತಾಗುವುದನ್ನು ನೋಡುವ ಹುಡುಗಿ! ಕರುಣಾ ಕೀಲಿ ಕೊಟ್ಟಳು. ಕೊಟ್ಟ ಮೇಲೆ ಒಂದು ಕ್ಷಣ ಯೋಚಿಸಿದಳು. ಆಮೇಲೆ ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಬೇಸರವಾಯಿತು.

ಪಡಸಾಲೆಯಲ್ಲಿ ಕೇಶರಬಾಯಿ ಶೇಂಗಾ ಬಿಡಿಸುತ್ತ ಕುಳಿತಿದ್ದರು. ಸುಶೀಲಕುಮಾರನಿಗೂ ಕೈಲಾಶನಿಗೂ ಅಜ್ಜಿ, ಮನೆಯವರಿಗೆಲ್ಲ ಆಯಿ. ಕರುಣಾ ಯಾರು, ಯಾಕೆ ಬಂದಳು ಎಂದು ಕೇಳುವ ಮೊದಲೇ "ಊಟ ಆಗ್ಯಾದೇನ ಯವ್ವಾ?" ಎಂದು ಕೇಳಿದರು.

"ಆಗ್ಯಾದ್ರಿ ಆಯಿ."

"ಸುಳ್ಳು. ಮಾರಿ ನೋಡಿದ್ರ ಗೊತ್ತಾಗತದ. ಬುತ್ತಿ ಕಟ್ಟಿ ಕೊಡತೇನಿ, ದಾರ್‍ಯಾಗ ತಿನ್ನು."

ಕೈಲಾಶ ಕುರ್ಚಿ ಎಳೆದುಕೊಂಡು ಎದುರು ಕುಳಿತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು. ಹಿತ್ತಲ ಕಡೆಯ ಕಿಟಕಿಯಿಂದ ಅವರ ಮನೆಯ ಟೆಂಪೋದ ಮೂತಿ ಕಾಣುತ್ತಿತ್ತು. ಅದರ ಕೆಳಗಿನಿಂದ ಯಾರದೋ ಎರಡು ಕಾಲು ಹೊರಗೆ ಚಾಚಿದ್ದವು.

"ಅಂವ ನರಸಿಂಗ, ನಮ್ಮ ಡ್ರೈವರ್," ಎಂದ ಕೈಲಾಶ, ಅವಳ ನೋಟ ಹೋದ ಕಡೆ ನೋಡಿ. "ಹೇಳ್ರಿ ಮೇಡಂ. ಕ್ಲೇಮಿನ ಸಲುವಾಗಿ ಬಂದೀರೇನು?"

"ಕರಿ ಡಬ್ಬಿ ಸಲುವಾಗಿ ಬಂದೀನ್ರಿ."

ಅವನ ಹೆಬ್ಬೆರಳು ಫೋನಿನ ಮೇಲೆ ನಿಂತಿತು. "ಯಾವ ಕರಿ ಡಬ್ಬಿ?"

"ಆಯಿತವಾರ ನೀವು ದುಕಾನದಿಂದ ತಂದದ್ದು."

"ಓ, ಅದಾ? ಸುಶೀಲನೇ ತಾ ಅಂದಿದ್ದ. ಹೈದ್ರಾಬಾದಿನ ಕಡಿ ಎಲ್ಲೋ ರೇಸ್ ಅದ, ಆವಾಗ ಹಾಕತೇನಿ ಅಂದ. ತಂದೆ. ಸಾಮಾನಿನ ಕೋಲ್ಯಾಗ ಇಟ್ಟೆ. ತಪ್ಪೇನದ?"

"ಮರುದಿನ ಅವರ ಗಾಡಿಯೊಳಗ ರೇಸಿನ ಪ್ಯಾಡೇ ಇದ್ವಲ್ರಿ."

"ಅದನ್ನ ಆ ಮೆಕ್ಯಾನಿಕ್‌ಗ ಕೇಳ್ರಿ!"

ಕೇಶರಬಾಯಿ ಸೌದೆ ತರಲೆಂದು ಎದ್ದು ಹಿತ್ತಲಿಗೆ ಹೋಗಿ ಬಂದು ಮತ್ತೆ ಶೇಂಗಾದ ಮುಂದೆ ಕುಳಿತರು. ಹಿತ್ತಲಿನಿಂದ ಠಣ್ ಎಂದು ಪಾನಾ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಪ್ರಣಾಲಿ ಬಂದು ಕಾರಿನ ಕೀಲಿಯನ್ನು ಕರುಣಾಳ ಮುಂದಿಟ್ಟು, "ನೆರಳಿಗಿ ಹಚ್ಚೀನಿ ಅಕ್ಕಾ, ನೀರಿನ ಬಾಟಲಿ ಭಿ ತುಂಬಿಟ್ಟೀನಿ," ಎಂದು ಒಳಗೆ ಹೋದಳು.

ಕರುಣಾ ಅಜ್ಜಿಯ ಕಡೆ ತಿರುಗಿದಳು.

"ಆಯಿ, ಸುಶೀಲಕುಮಾರ ಆಯಿತವಾರ ಇಲ್ಲಿಗಿ ಬಂದಾಗ ಗಾಡಿ ಏನರೆ ಸಪ್ಪಳ ಮಾಡತಿತ್ತೇನ್ರಿ?"

"ಇಲ್ಲ ಯವ್ವಾ. ಬೆಕ್ಕಿನಂಗ ಬಂತು. ಬಂದದ್ದೇ ನನಗ ಗೊತ್ತಾಗಲಿಲ್ಲ." ಕೇಶರಬಾಯಿ ಶೇಂಗಾ ಸಿಪ್ಪೆ ಊದಿದರು. "ಸ್ವಾಮಾರ ಮುಂಜಾನಿ ಹೊಂಟಾಗ ಮಾತ್ರ ಗೇಟಿನ್ಯಾಗ ಏನ್ ಚೀರಿತು ಅಂತಿ! ಹಂದಿ ಚೀರಿದಂಗ. ನನ್ನ ಎದಿ ಧಸಕ್ಕಂತು."

"ಆಯಿ!" ಕೈಲಾಶ ಗದರಿದ. "ನಿಂಗ ಕಿವಿ ಸರಿ ಕೇಳಸಂಗಿಲ್ಲ, ಸುಮ್ನ ಕೂಡು."

ಅಜ್ಜಿ ಶೇಂಗಾ ಬಿಟ್ಟು ಬುತ್ತಿ ಕಟ್ಟಲು ಒಳಗೆ ಎದ್ದುಹೋದರು.

ತಣ್ಣಗಿರುವ ರೇಸಿನ ಪ್ಯಾಡು ಚೀರುತ್ತದೆ, ನೀಲಿ ಡಬ್ಬಿಯದು ಚೀರುವುದಿಲ್ಲ. ಕಾರು ಬೆಕ್ಕಿನಂತೆ ಬಂದು ಹಂದಿಯಂತೆ ಹೊರಟಿತ್ತು. ಅಂದ ಮೇಲೆ ಪ್ಯಾಡು ಬದಲಾದದ್ದು ಈ ಮನೆಯಲ್ಲೇ.

ಅವಳು ಟೆಂಪೋ ಪ್ಯಾಡಿನ ಫೋಟೋವನ್ನು ಕೈಲಾಶನ ಮುಂದೆ ಹಿಡಿದಳು.

"ಇದು ಸುಶೀಲಕುಮಾರರ ಡಿಕ್ಕಿಯೊಳಗ ಸಿಕ್ತು. ನಿಮ್ಮ ದುಕಾನಿನ ಮಾಲಲ್ರಿ? ಒಳ್ಳೆ ಕಂಪನಿ ಡಬ್ಬಿಯೊಳಗ ನಕಲಿ ಪ್ಯಾಡ್."

ಕೈಲಾಶನ ಮುಖದಿಂದ ಬಣ್ಣ ಇಳಿಯಿತು. ಎರಡೂ ಫೋನನ್ನು ಪಕ್ಕಕ್ಕಿಟ್ಟ.

"ನಾ ನಕಲಿ ಅಂತ ತಿಳದು ತಂದಿಲ್ರಿ," ಎಂದ. ದನಿ ಸಣ್ಣದಾಗಿತ್ತು. "ಮ್ಯಾಲಿನಿಂದ ಬಂದ ಮಾಲು. ಸಾಲಿ ಮಕ್ಕಳು ಹೋಗೋ ಟೆಂಪೋಕ್ಕ ಹಾಕಿದ್ದು ಕಿತ್ತು ಬಂತು. ದೇವರ ದಯಾ, ಯಾರಿಗೂ ಏನಾಗಲಿಲ್ಲ. ಸುಶೀಲಗ ಗೊತ್ತಾಯ್ತು. ಆಯಿತವಾರ ರಾತ್ರಿ ಜಗಳ ಆಡಿದ್ವಿ, ಖರೆ. ಸ್ವಾಮಾರ ಬೀದರಕ ಹೋಗಿ ಕಂಪ್ಲೇಂಟ್ ಕೊಡತೇನಿ ಅಂದ. ನಾ ಕೈ ಮುಗದೆ. ಮಾಲೆಲ್ಲಾ ಸುಟ್ಟು ಹಾಕತೇನಿ, ಮನೀ ಮಾನ ಕಳೀಬ್ಯಾಡ ಅಂದೆ. ಅವ ಕೇಳಲಿಲ್ಲ."

"ಅದಕ್ಕ ಪ್ಯಾಡ್ ಬದಲ ಮಾಡಿದ್ರಿ."

"ಇಲ್ರಿ!" ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಅಂವ ನನ್ನ ತಮ್ಮ ಇದ್ದಂಗ. ನೋಡ್ರಿ, ಆ ಡಬ್ಬಿ ಇನ್ನಾ ಕೋಲ್ಯಾಗ ಹ್ಯಾಂಗಿತ್ತೋ ಹಂಗೇ ಅದ. ಟೇಪ್ ಸುದ್ದಾ ಬಿಚ್ಚಿಲ್ಲ. ಪ್ರಣಾಲಿ! ಕೋಲ್ಯಾಗಿಂದು ಆ ಕರಿ ಡಬ್ಬಿ ತಾರವ್ವ!"

ಪ್ರಣಾಲಿ ತಂದಿಟ್ಟಳು. ಕರಿ ಡಬ್ಬಿ, ಮುಚ್ಚಳದ ಸುತ್ತ ಟೇಪು. ಎತ್ತಿ ನೋಡಿದರೆ ಭಾರವಾಗಿಯೇ ಇತ್ತು. ಕೈಲಾಶ ಅದನ್ನು ಗೆದ್ದವನ ಹಾಗೆ ಕರುಣಾಳ ಕಡೆ ತಳ್ಳಿದ.

"ಬಿಚ್ರಿ. ನೀವೇ ಬಿಚ್ರಿ."

ಕರುಣಾ ಟೇಪು ಸುಲಿದಳು. ಒಳಗೆ ಕಾಗದದಲ್ಲಿ ಸುತ್ತಿದ ಪ್ಯಾಡುಗಳು. ಒಂದನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದಳು.

ಅದು ಕರ್ರಗಿರಲಿಲ್ಲ. ಬೂದು ಬಣ್ಣ. ಮುಖದ ಮೇಲೆ ಡಿಸ್ಕಿಗೆ ಸಮನಾಗಿ ಉಜ್ಜಿದ ತೆಳು ಹೊಳಪು, ಅಂಚಿನಲ್ಲಿ ತಿಳಿಯಾದ ಧೂಳು. ಕಮಠಾಣದ ರಸ್ತೆಯ ಮೇಲೆ ಒಬ್ಬ ಹುಡುಗ ತಾಳ್ಮೆಯಿಂದ ಕೂಡಿಸಿದ ಪ್ಯಾಡು. ನೀಲಿ ಡಬ್ಬಿಯದು.

ಅವಳು ತಲೆಯೆತ್ತಿ ಕೈಲಾಶನನ್ನು ನೋಡಿದಳು.

ಪ್ಯಾಡುಗಳ ವ್ಯಾಪಾರ ಮಾಡುವವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವನ ಬಾಯಿ ತೆರೆದಿತ್ತು. ಕೈ ಕುರ್ಚಿಯ ಬೆನ್ನನ್ನು ಹುಡುಕುತ್ತಿತ್ತು. ನಟನೆ ಮಾಡುವವರನ್ನು ಕರುಣಾ ತನ್ನ ವೃತ್ತಿಯಲ್ಲಿ ಬಹಳ ನೋಡಿದ್ದಳು. ಇದು ನಟನೆಯಾಗಿರಲಿಲ್ಲ. ಈ ಡಬ್ಬಿಯಲ್ಲಿ ಏನಿದೆಯೆಂದು ಕೈಲಾಶನಿಗೆ ಗೊತ್ತಿರಲಿಲ್ಲ.

"ಇದು... ಇದನ್ನ ಯಾರು..." ಎಂದು ತೊದಲಿದ.

"ಅದನ್ನೇ ನಾನೂ ಕೇಳಬೇಕಾಗ್ಯಾದ," ಎಂದಳು ಕರುಣಾ. "ಡಬ್ಬಿ ನಾ ಒಯ್ತೇನಿ. ಇದು ಇವತ್ತೇ ಬೀದರ ಮುಟ್ಟಬೇಕು. ಅಲ್ಲಿ ಒಬ್ಬ ಹುಡುಗ ಮಾಡದ ತಪ್ಪಿಗಿ ಒಳಗ ಕುಂತಾನ."

ಯಾರೂ ತಡೆಯಲಿಲ್ಲ. ಅದೇ ಅವಳಿಗೆ ವಿಚಿತ್ರವೆನಿಸಿತು.

ಕೇಶರಬಾಯಿ ಅಡುಗೆಮನೆಯಿಂದ ಬಂದರು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಇನ್ನೂ ಬಿಸಿಯಾಗಿತ್ತು. ಎರಡೂ ಕೈಯಲ್ಲಿ ಅದನ್ನು ಕರುಣಾಳ ಕೈಗಿಟ್ಟು, ಅವಳ ಗಲ್ಲ ಸವರಿ ನೆಟಿಗೆ ಮುರಿದರು.

"ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ. ಸಾವಕಾಶ ಹೋಗು ಯವ್ವಾ."

*

ಹಿತ್ತಲಲ್ಲಿ ಬೇವಿನ ನೆರಳು ದಟ್ಟವಾಗಿತ್ತು. ಟೆಂಪೋದ ಕೆಳಗೆ ಈಗ ಕಾಲುಗಳಿರಲಿಲ್ಲ. ನರಸಿಂಗ ಮಲಗಿದ್ದ ಗೋಣಿಚೀಲವಷ್ಟೇ ಇತ್ತು.

ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿದ ಕರುಣಾ, ಮುದುಕರ ಮಾತು ನೆನಪಾಗಿ ಮುಂದಿನ ಗಾಲಿಯ ಕಡೆ ಬಗ್ಗಿದಳು.

ಗೆರೆ ಮುರಿದಿತ್ತು.

ಒಂದರದ್ದಲ್ಲ. ಎಲ್ಲ ನಟ್ಟುಗಳದ್ದೂ. ಬೆಳಿಗ್ಗೆ ಕುತುಬೋದ್ದೀನ ಎಳೆದ ಹಸಿ ಸುಣ್ಣ ಒಣಗಿ ಬೆಳ್ಳಗಾಗಿತ್ತು. ನಟ್ಟಿನ ತುಂಡು ಒಂದು ಕಡೆ, ಗಾಲಿಯ ತುಂಡು ಇನ್ನೊಂದು ಕಡೆ. ಅವಳು ಎರಡು ಬೆರಳಿನಿಂದ ಒಂದು ನಟ್ಟು ಹಿಡಿದಳು. ಅದು ಬಾಟಲಿಯ ಬಿರಡೆಯಂತೆ ತಿರುಗಿತು.

ಒಳಗೆ ಮಾತಾಡುವಾಗ ಕೇಳಿದ ಠಣ್ ಸದ್ದು ಟೆಂಪೋದ್ದಾಗಿರಲಿಲ್ಲ.

ಅವಳು ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಕೈಲಾಶ ಅವಳ ಎದುರಿನಿಂದ ಅಲುಗಾಡಿರಲಿಲ್ಲ. ಪಾನಾ ಹಿಡಿದ ಕೈ ನರಸಿಂಗನದೇ ಇರಬಹುದು. ಹಿಡಿಸಿದವರು ಯಾರು? ಕೀಲಿ ಕೇಳಿದವಳು ಪ್ರಣಾಲಿ. ಕಾರನ್ನು ಯಾರೂ ನೋಡದ ಈ ಹಿತ್ತಲಿಗೆ ತಂದವಳು ಪ್ರಣಾಲಿ. ಕೋಣೆಯಲ್ಲಿ ಕರಿ ಡಬ್ಬಿ ಯಾವ ಮೂಲೆಯಲ್ಲಿದೆಯೆಂದು ಕೇಳದೆಯೇ ಹೋಗಿ ತಂದವಳೂ ಪ್ರಣಾಲಿ.

"ಅಕ್ಕಾ!"

ಕರುಣಾ ಬೆಚ್ಚಿ ಎದ್ದಳು. ಪ್ರಣಾಲಿ ಹೆಗಲಿಗೆ ಚೀಲ ಹಾಕಿಕೊಂಡು ಓಡಿ ಬರುತ್ತಿದ್ದಳು.

"ನಾ ಭಿ ಬೀದರಕ ಬರ್ತೇನಿ ಅಕ್ಕಾ. ಬಸ್ಸಿಗಿ ಕಾಯ್ಕೋತ ಕೂತ್ರ ಹೊತ್ತಾಗತದ. ಅವರು ಕಣ್ಣು ತೆರೆದಾಗ ನಾ ಮುಂದಿರಬೇಕು."

ಹೇಳುತ್ತಲೇ ಅವಳು ಎಡಗಡೆಯ ಬಾಗಿಲು ತೆರೆದು, ಚೀಲವನ್ನು ಕಾಲ ಬಳಿ ಇಟ್ಟು ಕುಳಿತೇಬಿಟ್ಟಳು. ಒಂದಿಷ್ಟೂ ಅಳುಕಿರಲಿಲ್ಲ. ಗಾಲಿ ಕಳಚುವ ಕಾರೆಂದು ತಿಳಿದವರು ಹಾಗೆ ಕೂರುವುದಿಲ್ಲ.

ಹಾಗಾದರೆ ಇವಳಲ್ಲ. ಹಾಗಾದರೆ...

"ಪ್ರಣಾಲಿ!"

ಹಿತ್ತಲ ಬಾಗಿಲಿನಿಂದ ಕೇಶರಬಾಯಿ ಬಂದರು. ನಡೆದು ಬರಲಿಲ್ಲ, ಓಡಿ ಬಂದರು. ಆ ವಯಸ್ಸಿನಲ್ಲಿ, ಬರಿಗಾಲಿನಲ್ಲಿ, ಸೆರಗು ನೆಲಕ್ಕೆ ಬಿದ್ದದ್ದೂ ಗೊತ್ತಿಲ್ಲದೆ.

"ಇಳಿ! ಇಳಿ ಮಗಳ! ಆ ಗಾಡ್ಯಾಗ ಕೂಡಬ್ಯಾಡ!"

ಬಾಗಿಲ ಬಳಿ ಕೈಲಾಶ ಕಲ್ಲಾಗಿ ನಿಂತ. ಪ್ರಣಾಲಿ ಏನೂ ತಿಳಿಯದೆ ಅಜ್ಜಿಯ ಮುಖ ನೋಡಿದಳು. "ಯಾಕ ಆಯಿ? ಏನಾಗ್ಯಾದ ಗಾಡಿಗಿ?"

ಅಜ್ಜಿ ತನ್ನ ಕೂಗನ್ನು ತಾನೇ ಕೇಳಿಸಿಕೊಂಡವರ ಹಾಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಗೆರೆ ಮುರಿದದ್ದನ್ನಾಗಲಿ ನಟ್ಟು ಸಡಿಲಾದದ್ದನ್ನಾಗಲಿ ಕರುಣಾ ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯ ಮಾನ ಉಳಿಸಲು ಇವತ್ತು ನರಸಿಂಗನ ಕೈಗೆ ಪಾನಾ ಕೊಟ್ಟವರೇ ಆ ಆಯಿತವಾರ ರಾತ್ರಿಯೂ ಕೊಟ್ಟಿದ್ದರು. ಅವಳ ಕೈಯಲ್ಲಿ ಬುತ್ತಿ ಇನ್ನೂ ಬೆಚ್ಚಗಿತ್ತು. ಅದನ್ನು ಕಟ್ಟಿಕೊಟ್ಟ ಕೈಗಳನ್ನೇ ಅವಳು ನೋಡುತ್ತ ನಿಂತಳು. ಪ್ರಣಾಲಿ ಹತ್ತದೆ ಹೋಗಿದ್ದರೆ, ಗಲ್ಲ ಸವರಿ ಕಳಿಸಿದ ಈ ಅಜ್ಜಿ ಬಾಗಿಲಲ್ಲಿ ನಿಂತು ತನಗೆ ಕೈ ಬೀಸುತ್ತಿದ್ದರು.